ಟ್ರೇಸಿಂಗ್ ಹಾಳೆಯ ಮೇಲಿನ ಹೊಳೆ

ನಮ್ಮ ಮುಂಡರಗಿಯ ಕಾಲೇಜಿನಲ್ಲಿ ಗಣಿತ ಕಲಿಸುವ ನೀಲಗಂಗಾ ಮೇಡಂ ಅವರಷ್ಟು ಹೆದರುಪುಕ್ಕಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ಸು ಜೋರಾಗಿ ಓಡಿದರೆ ಉರುಳೀತೆಂಬ ಹೆದರಿಕೆ, ನಿಧಾನ ಹೋದರೆ ಕೆಟ್ಟು ನಿಂತೀತೆಂಬ ಹೆದರಿಕೆ. ಮನೆಯಲ್ಲಿಟ್ಟ ಹೆಸರು ನೀಲಗಂಗವ್ವ. ಗಂಗೆಯ ಹೆಸರಿಟ್ಟುಕೊಂಡು ಹೊಳೆಗೇ ಹೆದರುತ್ತೀರಲ್ಲ ಎಂದು ನಾನು ಕಾಡಿಸಿದರೆ, "ನೀವು ಕನ್ನಡ ಕಲಸೋರು, ನಿಮಗೇನ್ರಿ, ಹೊಳಿ ಅಂದ್ರ ಪದ್ಯ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರ ಊರು ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ. ಚಿಕ್ಕವರಿದ್ದಾಗ ಒಂದು ಎಮ್ಮೆ ಹೊಳೆಯಲ್ಲಿ ತೇಲಿಹೋಗುವುದನ್ನು ನೋಡಿದ್ದರಂತೆ. ತಲೆಯಷ್ಟೇ ನೀರಿನ ಮೇಲಿತ್ತು, ದಂಡೆಯ ಮೇಲೆ ನಿಂತವರನ್ನೇ ನೋಡುತ್ತ ಹೋಯಿತು ಎನ್ನುವಾಗ ಇವತ್ತಿಗೂ ಅವರ ದನಿ ಸಣ್ಣದಾಗುತ್ತದೆ.

ಆ ಹೆದರಿಕೆಗೆ ಅವರು ಕಂಡುಕೊಂಡ ಮದ್ದು ಗ್ರಾಫ್. ಪಿಯುಸಿ ಓದುವಾಗ ದೊಡ್ಡ ಹೊಳೆ, ಅಂದರೆ ನೆರೆ, ಬಂದಿತ್ತು. ಹುಡುಗಿ ಕೊಡೆ ಹಿಡಿದು ದಂಡೆಯ ಮೇಲೆ ಕುಳಿತು, ಯಾವ ತಾಸಿಗೆ ನೀರು ಯಾವ ಮೆಟ್ಟಿಲು ನುಂಗಿತು ಎಂದು ಗುರುತು ಹಾಕಿಕೊಂಡಳು. ಮೊದಲು ಮೆಲ್ಲಗೆ ಏರಿ, ಆಮೇಲೆ ಕಡಿದಾಗಿ ಮೇಲೆದ್ದು, ಒಂದಿಷ್ಟು ಹೊತ್ತು ನಿಂತು ಇಳಿಯುವ ಗೆರೆ ಅದು. ಅದನ್ನೇ ಟ್ರೇಸಿಂಗ್ ಹಾಳೆಗೆ ಇಳಿಸಿಕೊಂಡು 'ತಾಯಿ ಗ್ರಾಫ್' ಎಂದು ಹೆಸರಿಟ್ಟರು. "ಹೊಳಿ ಆಕಾರ ಬದಲಾಗೂದಿಲ್ರಿ. ತಾಯಿ ಗ್ರಾಫ್ ಬಲಕ್ಕ ಸರಸಬೇಕು, ಎಡಕ್ಕ ಸರಸಬೇಕು, ಇಲ್ಲಾ ಮ್ಯಾಲ ಎತ್ತಬೇಕು, ಅಷ್ಟ" ಎನ್ನುತ್ತಿದ್ದರು. ಹೊಳೆಯ ಮೇಲ್ಭಾಗದಲ್ಲಿ, ಹರಿಹರದ ಕಡೆ ಇರುವ ಅತ್ತೆ ಅಲ್ಲಿ ನೀರೇರಿದ ಹೊತ್ತನ್ನು ಫೋನಿನಲ್ಲಿ ತಿಳಿಸಿದರೆ, ಇವರು ಹಾಳೆಯನ್ನು ಅಷ್ಟು ಸರಿಸಿ, ಕೊರ್ಲಹಳ್ಳಿಗೆ ಯಾವಾಗ ಏರೀತು ಎಂದು ಹೇಳಿಬಿಡುತ್ತಿದ್ದರು. ಕ್ಲಾಸಿನಲ್ಲೂ ಫಂಕ್ಷನ್ ಪಾಠಕ್ಕೆ ಇದೇ ಹೊಳೆ, ಇದೇ ಹಾಳೆ.

ದಂಡೆಯ ರೈತರಿಗೆ ಆ ಹೊತ್ತು ಬೇಕೇ ಬೇಕು. ಹೊಲಕ್ಕೆ ನೀರೆತ್ತುವ ಮೋಟರುಗಳು ನೀರಿನಂಚಿನ ಕಲ್ಲುಕಟ್ಟೆಗಳ ಮೇಲೆ ಕೂತಿರುತ್ತವೆ, ಹೊಳೆ ಏರುವ ಮುಂಚೆ ಎತ್ತಬೇಕು. ಮೇಡಂ ಅವರ ತಂದೆ ಚನ್ನಬಸವಣ್ಣನವರ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಹೊಸ ನೀರಿಗೆ ಮನೆಯ ಹೆಣ್ಣುಮಕ್ಕಳು ಖಣ, ಹಸಿರು ಬಳೆ, ಅಕ್ಕಿ, ಕಾಯಿ ಇಟ್ಟು ಉಡಿ ತುಂಬುವ ತನಕ ಯಾರೂ ಮೋಟರು ಮುಟ್ಟುವಂತಿಲ್ಲ. ಹೊಳೆಗೆ ಹೋಗುವುದೂ ಬರಿಗಾಲಲ್ಲೇ.

ಈ ಆಗಸ್ಟಿನ ಒಂದು ಮುಂಜಾನೆ ಅತ್ತೆಯ ಫೋನು ಬಂದಿತ್ತು. ಮೇಡಂ ಸ್ಟಾಫ್ ರೂಮಿನಲ್ಲಿ ಹಾಳೆ ಸರಿಸಿ ನೋಡಿ, ತಂದೆಗೆ ಫೋನು ಹಚ್ಚಿದರು. "ಅಪ್ಪಾ, ಸಂಜೀತನಕ ಏನೂ ಚಿಂತಿಲ್ಲ. ಸಾವಕಾಶ ಉಡಿ ತುಂಬಿ ಎತ್ರಿ." ಆಮೇಲೆ ಕೂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದರು. ಮಳೆಗಾಲದಲ್ಲಿ ಅವರು ನೆಮ್ಮದಿಯಿಂದ ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹನ್ನೊಂದು ದಾಟಿರಬೇಕು, ಚಾಕ್ ಕೇಳಲು ಅವರ ಕ್ಲಾಸಿಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಬೋರ್ಡಿನ ಮೇಲೆ ಗ್ರಾಫ್ ಹಾಳೆ, ಅದರಲ್ಲಿ ಅಡ್ಡ ಎಳೆದ ಕೆಂಪು ಗೆರೆ. ಅದು ಚನ್ನಬಸವಣ್ಣನವರ ಮೋಟರು ಕಟ್ಟೆಯ ಎತ್ತರ. ಅಲ್ಫಿಯಾ ಎಂಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಗ್ರಾಫ್ ಮ್ಯಾಲ ಎತ್ತಿದ್ರ ಹೊತ್ತೂ ಬದಲಾಗತೈತೇನ್ರಿ?"

"ಇಲ್ಲವಾ, ಎತ್ತರ ಅಷ್ಟ ಬದಲಾಗತೈತಿ. ನೋಡು" ಎಂದು ಮೇಡಂ ಟ್ರೇಸಿಂಗ್ ಹಾಳೆಯನ್ನು ತುಸು ಮೇಲೆ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು.

ನನಗೆ ಗಣಿತ ಬಾರದು. ಆದರೆ ಅದು ನನಗೂ ಕಂಡಿತು. ಗೆರೆಯ ಮೇಲ್ತುದಿ ಇದ್ದ ಹೊತ್ತಿಗೇ ಇತ್ತು. ಏರುವ ಗೆರೆ ಮಾತ್ರ ಮೇಲಕ್ಕೆ ಹೋದದ್ದೇ ತಡ, ಕೆಂಪು ಗೆರೆಯನ್ನು ಬಹಳ ಮುಂಚೆಯೇ ದಾಟಿಬಿಟ್ಟಿತ್ತು. ಸಂಜೆಗಲ್ಲ, ಮಧ್ಯಾಹ್ನಕ್ಕೆ.

"ಸರ್," ಎಂದರು ನನ್ನತ್ತ ತಿರುಗಿ. "ಈ ವರ್ಷ ಮಳಿ ಜಲ್ದಿ ಆಗೇತಿ. ಕೆಳಗಿನ ಮೆಟ್ಟಲಾ ಆಗಲೇ ಮುಳಗ್ಯಾವಂತ ಅಪ್ಪ ಹೋದ ವಾರ ಹೇಳಿದ್ರು. ನಾ ಬರೇ ಬಲಕ್ಕ ಸರಿಸೀನ್ರಿ. ಮ್ಯಾಲ ಎತ್ತೇ ಇಲ್ಲ."

ಅಲ್ಲಿಂದಲೇ ತಂದೆಗೆ ಫೋನು ಹಚ್ಚಿದರು, ಎತ್ತಿದ್ದು ತಾಯಿ. "ಉಡಿ ತುಂಬಿ ಈಗ ಮನಿಗೆ ಬಂದೆವಾ. ನಿಮ್ಮಪ್ಪ ಮೋಟರ ಎತ್ತಾಕ ಅಲ್ಲೇ ನಿಂತಾರ. ಫೋನ ತೊಯ್ತೈತಿ ಅಂತ ಮನ್ಯಾಗ ಇಟ್ಟಾರ. ಯಾಕ, ನೀನ ಸಂಜೀತನಕ ಚಿಂತಿಲ್ಲ ಅಂದೀಯಲ್ಲ?"

"ಓಡವ್ವಾ! ಅಪ್ಪನ್ನ ಮ್ಯಾಲ ಕರಿ!" ಎಂದು ಕೂಗುವಷ್ಟರಲ್ಲಿ ಲೈನು ಕಟ್ಟಾಯಿತು.

ನನ್ನ ಬೈಕಿನ ಮೇಲೆ ಹೊರಟೆವು. ಜಿಟಿಜಿಟಿ ಮಳೆ, ಎರೆಮಣ್ಣಿನ ಕೆಸರು. ನನಗೂ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಬಸ್ಸಿನ ವೇಗಕ್ಕೇ ಕಣ್ಣು ಮುಚ್ಚುವ ಹೆಂಗಸು ಹಿಂದಿನಿಂದ "ಇನ್ನೂ ಜೋರ ಹೊಡೀರಿ ಸರ್" ಎನ್ನುತ್ತಿದ್ದರು. ನಡುವೆ ಒಮ್ಮೆ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ, "ಎಮ್ಮಿ ನಮ್ಮನ್ನ ನೋಡಿತ್ರಿ" ಎಂದರು. ನಾನು ಬೈಕನ್ನು ಇನ್ನಷ್ಟು ಜೋರು ಮಾಡಿದೆ.

ದಂಡೆಗೆ ಬಂದಾಗ ಕಲ್ಲುಕಟ್ಟೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಮೋಟರಿಗೆ ಕಟ್ಟಿದ್ದ ಹಗ್ಗದ ಒಂದು ತುದಿ ಜಾಲಿಯ ಬೊಡ್ಡೆಗಿತ್ತು, ಇನ್ನೊಂದು ನೀರಿನೊಳಗೆ. ಮೇಲಿನ ಮೆಟ್ಟಿಲ ಮೇಲೆ ಉಡಿ ತುಂಬಿದ ತಟ್ಟೆ, ಅದರ ಪಕ್ಕದಲ್ಲಿ ಗಂಡಸಿನ ಒಂದು ಜೊತೆ ಚಪ್ಪಲಿ. ಸುತ್ತ ಯಾರೂ ಇಲ್ಲ.

ಮೇಡಂ ಆ ಚಪ್ಪಲಿಗಳನ್ನು ಎತ್ತಿ ಎದೆಗೆ ಒತ್ತಿಕೊಂಡರು. "ಅಪ್ಪಾ" ಎಂದರು. ನೀರಿನ ಕಡೆ ಒಂದು ಮೆಟ್ಟಿಲು ಇಳಿದರು. ನಾನು ರಟ್ಟೆ ಹಿಡಿದೆ.

"ಯಾಕವಾ ನೀಲಗಂಗಿ, ಸಾಲಿ ಬಿಟ್ಟು ಇಲ್ಲಿಗೆ ಬಂದಿ?"

ತಿರುಗಿದರೆ ಗೋವಿನಜೋಳದ ಹೊಲದೊಳಗಿಂದ ಚನ್ನಬಸವಣ್ಣ ಬರುತ್ತಿದ್ದರು. ಮೊಣಕಾಲಿನ ತನಕ ಕೆಸರು, ಬರಿಗಾಲು. "ಬಾಜೂ ಹೊಲದ ಗೋಣೆಪ್ಪ ಇನ್ನೂ ಹೊಳ್ಯಾಗ ನಿಂತಿದ್ದ, ಬೈದು ಮ್ಯಾಲ ಹತ್ತಿಸಿ ಬಂದೆ. ನಮ್ಮ ಮೋಟರ ಹೋತು, ಹೋಗ್ಲಿ ಬಿಡು."

ಮಗಳು ಮೆಟ್ಟಿಲ ಮೇಲೇ ಕೂತರು. "ನಾ ಸಂಜೀತನಕ ಚಿಂತಿಲ್ಲ ಅಂದಿದ್ನಲ್ಲಪ್ಪ. ನೀವ್ಯಾಕ ಇಳೀಲಿಲ್ಲ?"

"ಒಂದ ಮೆಟ್ಟಲಾ ಇಳಿದಿದ್ದೆ," ಎಂದರು ಮುದುಕರು, ಮಗಳ ಪಕ್ಕ ಕೂರುತ್ತ. "ಇಷ್ಟು ವರ್ಷ ನೀ ಫೋನ್ ಮಾಡಿದಾಗೆಲ್ಲ ನಿನ್ನ ದನಿ ನಡಗತಿತ್ತು. 'ಅಪ್ಪಾ, ಒಂದು ತಾಸು ಮದ್ಲ ಎತ್ರಿ, ಎರಡು ತಾಸು ಮದ್ಲ ಎತ್ರಿ' ಅಂತ ಜೀವಾ ತಿಂತಿದ್ದಿ. ಇವತ್ತ ನೀ ಹೆದರಿರಲಿಲ್ಲ. ಅದಕ್ಕ ನನಗ ಹೆದರಿಕಿ ಬಂತು."

ಮೇಡಂ ಕೈಯಲ್ಲಿದ್ದ ಚಪ್ಪಲಿಗಳನ್ನು ತಂದೆಯ ಕಾಲ ಹತ್ತಿರ ಇಟ್ಟರು. ನಾವು ಎದ್ದು ಊರ ಕಡೆ ಹೊರಟಾಗ ನೀರು ಆ ತಟ್ಟೆಯನ್ನು ಮುಟ್ಟಿತ್ತು.