ನರಸಪ್ಪನವರ ಫಿಯೆಟ್ಟಿಗೆ ಮಹಾನಂದಾ ಕಟ್ಟಿದ ಸ್ಟೀರಿಂಗ್

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಟ್ಟಂದೂರು ಅಗ್ರಹಾರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಸುಳ್ಳಲ್ಲ. ಮೂವತ್ತು ವರ್ಷ ಗ್ಯಾರೇಜು ನಡೆಸಿದವನಿಗೆ ದಾರಿಹೋಕರೆಲ್ಲ ಬಂದು ಬುದ್ಧಿ ಹೇಳಿದರೆ ಮೈ ಉರಿಯದೆ ಇರುತ್ತದೆಯೇ? ಹಾಗಾಗಿ ಮಹಾನಂದಾ ಮೊದಲ ಸಲ ಒಳಗೆ ಬಂದು "ಆ ಬಾಕ್ಸ್ ಬ್ಯಾಡ್ರಿ ಅಣ್ಣಾರ" ಎಂದಾಗ ನಾನು ಆಕೆಯನ್ನು ಗದರಿ ಕಳಿಸಿದೆ.

ಅದು 2011. ಆಕೆ ಶಹಾಪುರದ ಕಡೆಯವಳು. ಗಂಡ ಹಣಮಂತ ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸ ಮಾಡುವವನು. ನನ್ನ ಗ್ಯಾರೇಜಿನ ಹಿಂದಿನ ವಠಾರದಲ್ಲಿ ಒಂದು ರೂಮು ಹಿಡಿದಿದ್ದರು. ಆಕೆ ಎದುರಿನ ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಾಳೆ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಅದಕ್ಕೂ ಮೊದಲು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಟ್ರ್ಯಾಕ್ಟರಿನ ಸ್ಟೀರಿಂಗ್ ಬಾಕ್ಸುಗಳನ್ನು ಜೋಡಿಸುತ್ತಿದ್ದಳು ಎಂಬುದು ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು.

ಅವತ್ತು ಮೇಜಿನ ಮೇಲೆ ಎರಡು ಹಳೆಯ ಸ್ಟೀರಿಂಗ್ ಬಾಕ್ಸುಗಳಿದ್ದವು. ವರ್ತೂರಿನ ನರಸಪ್ಪನವರ 1954ರ ಫಿಯೆಟ್ಟಿಗೆಂದು ಗುಜರಿಯಲ್ಲಿ ಹುಡುಕಿ ತಂದವು. ನರಸಪ್ಪನವರ ಹೊಲವೆಲ್ಲ ಅಪಾರ್ಟ್‌ಮೆಂಟಾಗಿತ್ತು. ಅಪ್ಪನ ಕಾಲದ ಆ ಕಾರನ್ನು ಮಾತ್ರ ಯಾರಿಗೂ ಕೊಡದೆ, ಪ್ರತಿ ಭಾನುವಾರ ತಾವೇ ಓಡಿಸಿಕೊಂಡು ಕೆರೆಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಸ್ಟೀರಿಂಗ್ ಚಕ್ರವನ್ನು ಕಾಲು ಸುತ್ತು ತಿರುಗಿಸಿದ ಮೇಲೆಯೇ ಕಾರು ತಿರುಗುವ ಯೋಚನೆ ಮಾಡುತ್ತಿತ್ತು. ಚಕ್ರದ ತಿರುವನ್ನು ಗಾಲಿಗಳಿಗೆ ಮುಟ್ಟಿಸುವ ಬಾಕ್ಸಿನೊಳಗಿನ ಹಲ್ಲುಗಳು ಪೂರ್ತಿ ಸವೆದುಹೋಗಿದ್ದವು, ಬಾಕ್ಸನ್ನೇ ಬದಲಿಸಬೇಕಿತ್ತು.

ತಂದ ಎರಡರಲ್ಲಿ ಒಂದಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು, ತಿರುಗಿಸಿದರೆ ಗಟ್ಟಿಯಾಗಿತ್ತು. ಇನ್ನೊಂದು ತುಕ್ಕು ಹಿಡಿದು ಗಡಗಡ ಅಲ್ಲಾಡುತ್ತಿತ್ತು. ನಾನು ಕಪ್ಪಗಿನದನ್ನು ಆರಿಸಿದೆ. ಯಾರಾದರೂ ಅದನ್ನೇ ಆರಿಸುತ್ತಿದ್ದರು. ಮಹಾನಂದಾ ಕ್ಯಾಂಟೀನಿಗೆ ಹೊರಟವಳು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು, ಎರಡನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸಿದಳು.

"ಈ ಕರೀದು ನಡುವ ಸವದದ ರೀ. ಮಾರಿದಾಂವ ಮ್ಯಾಲಿನ ಸ್ಕ್ರೂ ಬಿಗಿ ಮಾಡ್ಯಾನ, ಅದಕ್ಕ ನಡುವ ಗಟ್ಟಿ ಅನಸ್ತದ. ತುದಿಗಿ ಒಯ್ದು ನೋಡ್ರಿ, ಹಿಡಕೋತದ. ಆ ತುಕ್ಕಿಂದು ಎಲ್ಲಾ ಕಡೆ ಒಂದ ಸಮ ಸಡಲ ಅದ. ಅದು ರಿಪೇರಿ ಆಗ್ತದ, ಇದು ಆಗಂಗಿಲ್ಲ."

"ತಟ್ಟೆ ತೊಳೆಯೋ ಕಡೆ ಇದನ್ನೂ ಹೇಳ್ಕೊಡ್ತಾರೇನಮ್ಮ?" ಎಂದೆ. ಆಕೆ ಎರಡೂ ಬಾಕ್ಸುಗಳನ್ನು ಇದ್ದಲ್ಲೇ ಇಟ್ಟು ಕ್ಯಾಂಟೀನಿಗೆ ಹೋದಳು. ಆ ಮಾತು ನೆನಪಾದಾಗಲೆಲ್ಲ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕಪ್ಪು ಬಾಕ್ಸನ್ನೇ ಕೂರಿಸಿದೆ. ಸೀಲು ಸೋರುತ್ತಿದ್ದುದರಿಂದ ಆಯಿಲ್ ಬದಲು ಗ್ರೀಸನ್ನು ಗಿಡಿದು ತುಂಬಿದೆ, ನಮ್ಮ ಕಾಲದ ಗ್ಯಾರೇಜಿನವರೆಲ್ಲ ಮಾಡುವುದೇ ಹಾಗೆ. ಭಾನುವಾರ ನರಸಪ್ಪನವರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ನೇರ ರಸ್ತೆಯಲ್ಲಿ ಎಲ್ಲ ಚೆನ್ನಾಗಿತ್ತು. ಕೆರೆ ಕೋಡಿಯ ಹತ್ತಿರ ಪೂರ್ತಿ ಎಡಕ್ಕೆ ತಿರುಗಿಸಿದರು ನೋಡಿ, ಚಕ್ರ ಅಲ್ಲೇ ಹಿಡಿದುಕೊಂಡಿತು, ವಾಪಸ್ ಬರಲಿಲ್ಲ. ಕಾರಿನ ಮುಂದಿನ ಗಾಲಿ ಚರಂಡಿಗಿಳಿದು ನಿಂತಿತು. ಅದಕ್ಕಿಂತ ಎರಡು ಮಾರು ಆಚೆ ಕೆರೆಯ ನೊರೆ ರಸ್ತೆಯವರೆಗೂ ಬಂದಿತ್ತು.

"ಏನ್ಲಾ ದೇವರಾಜ, ನನ್ನ ಕೆರೇಗೇ ಆಕ್ಬುಡ್ತಿದ್ದೆಯಲ್ಲ" ಎಂದರು ನರಸಪ್ಪನವರು. ಸಿಟ್ಟಿನಿಂದ ಹೇಳಲಿಲ್ಲ, ಆದರೆ ಕಾರಿನಿಂದ ಇಳಿದು ಮನೆಗೆ ನಡೆದುಕೊಂಡೇ ಹೋದರು.

ಮಾರನೆಯ ದಿನ ಸಂಜೆ ಮಹಾನಂದಾಳ ಬಾಗಿಲಿಗೆ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಆದದ್ದನ್ನೆಲ್ಲ ಹೇಳಿ, "ಆ ತುಕ್ಕು ಹಿಡಿದದ್ದನ್ನ ನೀವು ಮಾಡ್ಕೊಡ್ತೀರಾ?" ಎಂದೆ. ಆಕೆ ನನ್ನನ್ನು ಆಡಿಕೊಳ್ಳಲಿಲ್ಲ.

"ಮಾಡ್ತೀನ್ರಿ. ನನಗ ಒಂದು ಚೀಟಿ ಬರದ ಕೊಡಬೇಕ್ರಿ."

ಆಗ ಅವಳ ಕಥೆ ಗೊತ್ತಾಯಿತು. ಪೀಣ್ಯದ ಕಾರ್ಖಾನೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತ್ತು. ಆಕೆ ಕಂಟ್ರಾಕ್ಟರ್ ಕಡೆಯಿಂದ ಬಂದವಳು, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇರಲಿಲ್ಲ. ಒಂಬತ್ತು ವರ್ಷ ಫಿಟ್ಟರ್ ಆಗಿದ್ದಳು ಎನ್ನುವುದಕ್ಕೆ ಒಂದು ಕಾಗದವೂ ಇಲ್ಲ. ಈಗ ಹೂಡಿಯ ಗೇರ್ ವರ್ಕ್‌ಶಾಪೊಂದರಲ್ಲಿ ಫಿಟ್ಟರ್ ಕೆಲಸ ಖಾಲಿ ಇತ್ತು. ಎಲ್ಲಾದರೂ ಮಾಡಿದ್ದಕ್ಕೆ ಪತ್ರ ತಂದರೆ ಮಾತ್ರ ನೋಡುತ್ತೇವೆ ಎಂದಿದ್ದರು.

"ಗಂಗಾಳ ತಿಕ್ಕೂದು ಕೀಳಂತ ಅಲ್ರಿ. ಬರೂ ಕೆಲಸ ಬಿಟ್ಟು ಬ್ಯಾರೆ ಕೆಲಸ ಮಾಡ್ಕೋತ ಕುಂತ್ರ, ಬರೂದೂ ಮರತ ಹೋಗ್ತದ" ಎಂದಳು. ಬರೆದು ಕೊಡುತ್ತೇನೆಂದು ಮಾತು ಕೊಟ್ಟೆ.

ಆಕೆಯ ಎರಡು ರಜೆಯ ದಿನಗಳು ಹಿಡಿದವು. ನಾನು ಲೇತಿನವನ ಹತ್ತಿರ, ಒಳಗಿನ ದಂಡ ಕೂರುವ ಕಂಚಿನ ಬುಷ್ ಮಾಡಿಸಿದೆ. ಹೊಸ ಬೇರಿಂಗು, ಸೀಲು, ಕಾಗದದಷ್ಟು ತೆಳುವಾದ ಹಿತ್ತಾಳೆ ತಗಡು ಎಲ್ಲವನ್ನೂ ಬಿಡಿಭಾಗದ ಅಂಗಡಿಗಳಿರುವ ಎಸ್‌ಜೆಪಿ ರಸ್ತೆಯಿಂದ ತಂದೆ. ಆಕೆ ತಗಡನ್ನು ಬಿಲ್ಲೆಗಳಾಗಿ ಕತ್ತರಿಸಿ, ಬಾಕ್ಸಿನ ಮುಚ್ಚಳದಡಿ ಒಂದು ಇಡುವುದು, ತಿರುಗಿಸಿ ಸಡಿಲು ಎಷ್ಟಿದೆ ನೋಡುವುದು, ತೆಗೆಯುವುದು, ಮತ್ತೆ ಇಡುವುದು. ನನಗಾದರೆ ಅಷ್ಟರಲ್ಲಿ ಸ್ಪ್ಯಾನರ್ ಎಸೆಯುವಷ್ಟು ಸಿಟ್ಟು ಬಂದಿರುತ್ತಿತ್ತು. ಕೊನೆಗೆ ಬಾಕ್ಸನ್ನು ವೈಸಿಗೆ ಕಚ್ಚಿಸಿ, ಸ್ಟೀರಿಂಗ್ ಚಕ್ರ ಕೂರಿಸಿ, ಅದರ ಅಂಚಿಗೆ ಹೊಲಿಗೆಯ ದಾರ ಸುತ್ತಿ, ದಾರದ ತುದಿಗೆ ನಟ್ಟುಗಳನ್ನು ಕಟ್ಟಿ ಕೈಬಿಟ್ಟಳು. ನಟ್ಟುಗಳು ಧಡಕ್ಕನೆ ಬೀಳಬಾರದು, ನಿಂತೂ ಬಿಡಬಾರದು, ಚಕ್ರವನ್ನು ಎಳೆದುಕೊಂಡು ಮೆಲ್ಲಗೆ ಇಳಿಯಬೇಕು. ಪೀಣ್ಯದಲ್ಲಿ ಕಲಿತ ಲೆಕ್ಕವಂತೆ. ಆರನೆಯ ಸಲ ಅವು ಆಕೆ ಹೇಳಿದ ಹಾಗೆಯೇ ಇಳಿದವು. ಗ್ರೀಸು ಬೇಡವೆಂದು ಆಯಿಲ್ ಹಾಕಿಸಿದಳು. ಗ್ರೀಸು ಹಲ್ಲಿನಿಂದ ಪಕ್ಕಕ್ಕೆ ಸರಿದರೆ ಮತ್ತೆ ಬರುವುದಿಲ್ಲವಂತೆ. ಇಷ್ಟು ವರ್ಷ ನನಗೆ ಅದು ಹೊಳೆದಿರಲಿಲ್ಲ.

ನರಸಪ್ಪನವರು ಕೆರೆ ಸುತ್ತಿ ಬಂದು ಕಾರಿನಿಂದ ಇಳಿದಾಗ ಅವರ ಮುಖ ನೋಡಬೇಕಿತ್ತು. "ಒಂದ್ ಬೆಳ್ಳಲ್ಲಿ ತಿರುಗುತ್ತೆ ಕಣ್ಲಾ. ನಿನ್ ಕೈ ಬಂಗಾರ" ಎಂದರು. ಮಹಾನಂದಾ ಬಾಗಿಲಲ್ಲೇ ನಿಂತಿದ್ದಳು.

"ಏನೋ ನಿಮ್ಮ ಆಶೀರ್ವಾದ ಯಜಮಾನ್ರೇ" ಎಂದೆ.

ಹೇಳಿಯೇಬಿಟ್ಟೆ. ಬಾಯಿಗೆ ಬಂದದ್ದೇ ಅದು. ಆಕೆ ಸೆರಗು ಸರಿಮಾಡಿಕೊಂಡು ಕ್ಯಾಂಟೀನಿಗೆ ಹೋದಳು. ಒಮ್ಮೆ ಹಾಗೆ ಹೇಳಿದ ಮೇಲೆ ಪತ್ರವನ್ನೂ ಅದಕ್ಕೆ ಹೊಂದುವಂತೆ ಬರೆದೆ: ಇವರು ನನ್ನ ಗ್ಯಾರೇಜಿನಲ್ಲಿ ಸ್ಟೀರಿಂಗ್ ಕೆಲಸಕ್ಕೆ ಸಹಾಯಕಿಯಾಗಿದ್ದರು. ಆಕೆ ಅದನ್ನು ಎರಡು ಸಲ ಓದಿದಳು. "ಆತ್ರಿ" ಎಂದು ಮಡಚಿಟ್ಟುಕೊಂಡಳು.

ಮುಂದಿನ ವಾರ ನರಸಪ್ಪನವರು ಗ್ಯಾರೇಜಿನಲ್ಲಿ ಕೂತು ಪೇಪರ್ ಓದುತ್ತಿದ್ದಾಗ ಫೋನ್ ಬಂತು. ಹೂಡಿಯ ವರ್ಕ್‌ಶಾಪಿನ ಸೂಪರ್‌ವೈಸರ್ ಪಂಚಾಕ್ಷರಿ.

"ನಿಮ್ಮ ಲೆಟರ್‌ನಲ್ಲಿ ಸಹಾಯಕಿ ಅಂತಿದೆ ಸಾರ್. ಹೆಲ್ಪರ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಈಯಮ್ಮ ನೋಡಿದ್ರೆ ಆ ಫಿಯೆಟ್ ಬಾಕ್ಸ್ ನಾನೇ ಕಟ್ಟಿದ್ದು ಅಂತಿದ್ದಾರೆ. ಇಲ್ಲೇ ಕೂತಿದ್ದಾರೆ. ಕಟ್ಟಿದ್ದು ಅವರಾ, ನೀವಾ?"

ಹಳೇ ಮೊಬೈಲು, ಆಚೆಯ ಮಾತು ಇಡೀ ಗ್ಯಾರೇಜಿಗೆ ಕೇಳುತ್ತಿತ್ತು. ನರಸಪ್ಪನವರು ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡಿದರು. 

"ಅವರೇ ಸಾರ್" ಎಂದೆ. "ಆರಿಸಿದ್ದೂ ಅವರೇ, ಕಟ್ಟಿದ್ದೂ ಅವರೇ. ನಾನು ಮೊದಲು ಹಾಕಿದ್ದು ಚರಂಡಿಗಿಳಿಸ್ತು. ಸಹಾಯ ಮಾಡಿದ್ದು ನಾನು. ಲೆಟರ್ ತಪ್ಪು ಬರೆದಿದ್ದೀನಿ, ಬೇರೆ ಕೊಡ್ತೀನಿ."

ನರಸಪ್ಪನವರು ಪೇಪರ್ ಮಡಚಿಟ್ಟು ಎದ್ದು ಹೋದರು.

ಸಂಜೆ ಮಹಾನಂದಾ ಬಂದಳು. ಕೆಲಸವಾಗಿತ್ತು. ಸೋಮವಾರದಿಂದ ಫಿಟ್ಟರ್, ಈ ಸಲ ಹಾಜರಿ ಪುಸ್ತಕದಲ್ಲಿ ಅವಳದೇ ಹೆಸರು. ಬಾಗಿಲಲ್ಲೇ ನಿಂತು ಹೇಳಿದಳು:

"ಒಂಬತ್ತು ವರ್ಷ ದುಡದ್ರೂ, ಇದು ಮಹಾನಂದಾ ಮಾಡಿದ್ದು ಅಂತ ಒಬ್ಬರೂ ಹೇಳಿರಲಿಲ್ರಿ. ನೀವು ಹೇಳಿದ್ರಿ ಅಣ್ಣಾರ."

ಅದರಲ್ಲಿ ಒಂದಿಷ್ಟಾದರೂ ಚುಚ್ಚುಮಾತು ಇದ್ದಿದ್ದರೆ ನಾನು ರೇಗಿ ಬಚಾವಾಗುತ್ತಿದ್ದೆ. ಇರಲಿಲ್ಲ.