ತೊಗಲಿನ ಚೆಂಡಿನ ಪಾಳಿ

ಬ್ರಾಹ್ಮಣರ ಓಣಿಗಳ ಮಾಳಮಡ್ಡಿಯ ಬಯಲಿನಲ್ಲಿ ಫುಟ್‌ಬಾಲ್ ಆಡುತ್ತ ಬೆಳೆದವನು ನಾನು ಅಂದರೆ ಧಾರವಾಡದ ಕೆಲವರು ಇವತ್ತಿಗೂ ಹುಬ್ಬೇರಿಸಿ, "ನಿಮ್ಮ ಮನಿನೂ ಅಲ್ಲೇ ಇತ್ತೇನ್ರಿ?" ಅಂತ ಕೇಳುತ್ತಾರೆ. ಇರಲಿಲ್ಲ. ಮಾಳಮಡ್ಡಿ ಮುಗಿದ ಮೇಲೆ ನಮ್ಮ ಕೇರಿ ಶುರುವಾಗುತ್ತಿತ್ತು. ಬಯಲೇನು ಯಾರಪ್ಪನ ಆಸ್ತಿಯೂ ಆಗಿರಲಿಲ್ಲ, ಹಾಗಾಗಿ ಅಲ್ಲೇ ಆಡಿದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಬೌದ್ಧರಾಗಿ ಬಹಳ ಕಾಲವಾಗಿರಲಿಲ್ಲ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸಿಪಾಯಿ. ಅಜ್ಜ ಚಪ್ಪಲಿ ಹೊಲಿಯುತ್ತಿದ್ದ ಉಳಿ, ದಾರ, ತೊಗಲು ಕೊಯ್ಯುವ ರಂಪಿಗೆ ಎಲ್ಲವನ್ನೂ ಅಪ್ಪ ಗಂಟು ಕಟ್ಟಿ ಹಳ್ಳಕ್ಕೆ ಒಗೆದು ಬಂದಿದ್ದ. ಅವು ಇದ್ದ ಮೂಲೆಯಲ್ಲಿ ಬುದ್ಧನ ಪಟ ಬಂತು. ಇನ್ನು ಮುಂದೆ ಈ ಮನೆಯಲ್ಲಿ ತೊಗಲಿನ ವಾಸನೆ ಸುಳಿಯಬಾರದು ಅನ್ನುವುದು ಅವನ ಹಟ. ಅಂಥ ಮನೆಗೆ ನಾನು ತೊಗಲಿನ ಚೆಂಡು ತಂದೆ.

ಚೆಂಡು ನಮ್ಮ ತಂಡದ್ದು. ಎಲ್ಲರೂ ವಂತಿಗೆ ಹಾಕಿದ್ದೆವು, ನನ್ನದೂ ಅದರಲ್ಲಿತ್ತು. ತಂದ ದಿನವೇ ಇದನ್ನು ಎಲ್ಲಿಡುವುದು ಅನ್ನುವ ಪ್ರಶ್ನೆ ಎದ್ದಿತು. ನನ್ನೊಬ್ಬನನ್ನು ಬಿಟ್ಟರೆ ಉಳಿದವರದೆಲ್ಲ ಮಡಿಯ ಮನೆಗಳು. ನಮ್ಮ ಕ್ಯಾಪ್ಟನ್ ವಕೀಲರ ಮಗ, ಎತ್ತರದ ಆಳು, ಹಾರಿ ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಯೋಚನೆಯನ್ನೇ ಮಾಡದೆ ನನಗೆ ಹೇಳಿದ: "ನಿಮ್ಮನ್ಯಾಗ ಇಟಗೋ. ನಿಮ್ಮಲ್ಲೆ ನಡೀತದ."

ನಾನು ಉಬ್ಬಿಹೋದೆ. ಚೆಂಡಿಗೆ ಹರಳೆಣ್ಣೆ ಸವರಿ ತಿಕ್ಕುತ್ತಿದ್ದೆ, ಗಾಳಿ ತುಂಬಿ ಬಾಯಿಯ ದಾರ ಬಿಗಿಯುತ್ತಿದ್ದೆ, ಮಲಗುವಾಗ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಸಂಜೆಯಾದರೆ ಅವರು ಕೇರಿಯ ತುದಿಯಲ್ಲಿ ನಿಂತು, "ಚೆಂಡ ತಗೊಂಡ ಬಾರೋ!" ಅಂತ ಕೂಗುವರು. ತಾಟಿನ ರೊಟ್ಟಿ ಅಲ್ಲೇ ಬಿಟ್ಟು ಓಡುತ್ತಿದ್ದೆ. ಎಡಬದಿಗೆ ಆಡುತ್ತಿದ್ದ ನನ್ನ ಎಡಗಾಲಿನ ಹೊಡೆತಕ್ಕೆ ಬೆಲೆ ಬಂತು ಅಂದುಕೊಂಡಿದ್ದೆ.

ಅಪ್ಪ ಕೆಲವು ದಿನ ಇದನ್ನೆಲ್ಲ ನೋಡಿದ. ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ಸಂಜೆ ಕಚೇರಿಯ ಅಂಗಿ ಕಳಚಿ ಗೂಟಕ್ಕೆ ಹಾಕುತ್ತ ಕೇಳಿದ: "ನಿನ್ನ ಆಟಕ್ಕ ಕರೀತಾರೋ, ತೊಗಲ ಇಟಗೊಳ್ಳಾಕ ಕರೀತಾರೋ?"

"ಆಟಕ್ಕ," ಅಂದೆ.

"ಹಂಗಾದ್ರ ಚೆಂಡ ಇಲ್ಲದಾಗೂ ಕರೀಬೇಕಲ್ಲ?"

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲೆ ಮೊದಲು, ಆಮೇಲೆ ಅವರ ಮೇಲೆ. ಯಾಕೆಂದರೆ ನೆನಪು ಮಾಡಿಕೊಂಡಷ್ಟೂ ಅಪ್ಪನ ಮಾತೇ ಖರೇ ಆಗುತ್ತಿತ್ತು. ಜ್ವರ ಬಂದು ಮಲಗಿದ್ದಾಗ, "ಚೆಂಡ ಹೊರಗ ಒಗಿಯೋ" ಅಂತ ಕೂಗಿ ಇಸಿದುಕೊಂಡು ಹೋಗಿದ್ದರು. ಹೇಗಿದ್ದೀ ಅಂತ ಒಬ್ಬನೂ ಕೇಳಿರಲಿಲ್ಲ. ಆಟಗಾರ ನಾನಲ್ಲ, ತಂಡದ ಕಪಾಟು ನಾನು.

ಮುಂದೆ ಸಪ್ತಾಪುರದ ಹುಡುಗರ ಜೊತೆ ಪಂದ್ಯ ಬಂತು. ಎರಡೂ ತಂಡ ನಿಂತಿದ್ದಾಗ ನಾನು ಚೆಂಡನ್ನು ಬಯಲಿನ ನಡುವೆ ಇಟ್ಟು ಅದರ ಮೇಲೆ ಕೂತುಬಿಟ್ಟೆ.

ಕ್ಯಾಪ್ಟನ್ ಓಡಿ ಬಂದ. "ಏ, ಏಳೋ! ಮಂದಿ ನಗಲಿಕ್ಕೆ ಹತ್ಯಾರ."

"ಏಳೂದಿಲ್ಲ. ಇವತ್ತಿನಿಂದ ಚೆಂಡ ಪಾಳಿ ಮ್ಯಾಲ ಎಲ್ಲಾರ ಮನ್ಯಾಗ ಇರಬೇಕು. ಮೊದಲ ಪಾಳಿ ನಿಂದು."

"ನಮ್ಮನ್ಯಾಗ ತೊಗಲು ನಡ್ಯೂದಿಲ್ಲೋ. ಅಜ್ಜಿ ಮಡೀಲೆ ಇರ್ತಾಳ, ನಿನಗ ಗೊತ್ತದ."

"ನಿನ್ನ ತಲಿಗೆ ಬಡದರ ನಡೀತೈತಿ, ಮನ್ಯಾಗ ಇಟ್ರ ನಡ್ಯೂದಿಲ್ಲೇನು?"

ಅವನ ಕೈ ತಾನಾಗಿ ಹಣೆಗೆ ಹೋಯಿತು. ಸಪ್ತಾಪುರದವರು ಸೀಟಿ ಹೊಡೆದರು, ನಮ್ಮವರು ನನಗೆ ಬಾಯಿಗೆ ಬಂದಂತೆ ಬೈದರು. ಜಪ್ಪಯ್ಯ ಅಂದರೂ ನಾನು ಏಳಲಿಲ್ಲ. ಕೊನೆಗೆ ಅವನೇ, "ಏಳು, ಒಯ್ತೀನಿ," ಅಂದ.

ಪಂದ್ಯ ಸೋತೆವು. ಸೋತದ್ದು ನನ್ನಿಂದಲೇ ಅಂದರು. ಅಂದುಕೊಳ್ಳಲಿ ಅಂತ ಬಿಟ್ಟೆ.

ಅವನು ಚೆಂಡು ಹಿಡಿದು ಮನೆಗೆ ನಡೆದ. ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ ನೋಡಲು ನಾನೂ ಹಿಂದೆ ಹೋದೆ. ಅವನು ಗೇಟು ದಾಟಿದ, ನಾನು ಬೀದಿಯಲ್ಲಿ ನಿಂತೆ. ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು: "ಅಯ್ಯ, ಅದನ್ಯಾಕ ತಂದ್ಯೋ! ಒಗಿ ಹೊರಗ!" ಚೆಂಡು ಕಂಪೌಂಡಿನ ಗೋಡೆ ದಾಟಿ ಬಂದು ನನ್ನೆದುರು ಬಿತ್ತು. ನಾನು ಕೈಯಲ್ಲಿ ಮುಟ್ಟಲಿಲ್ಲ. ಎಡಗಾಲಿನಿಂದ ಎತ್ತಿ ಹೊಡೆದೆ, ಗೋಡೆಯಾಚೆ ಹೋಯಿತು. ಮತ್ತೆ ಬಂತು. ಮತ್ತೆ ಹೊಡೆದೆ. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತು ನೋಡತೊಡಗಿದರು. ಒಳಗೆ ಅಜ್ಜಿ ಕೂಗಾಡುತ್ತಲೇ ಇದ್ದಳು. ಆದರೆ ಚೆಂಡು ಮತ್ತೆ ಹೊರಗೆ ಬರಲಿಲ್ಲ. ದೀಪ ಹಚ್ಚುವವರೆಗೆ ಕಾದು ಮನೆಗೆ ಬಂದು, "ಕೊಟ್ಟು ಬಂದೆ," ಅಂತ ಅಪ್ಪನಿಗೆ ಹೇಳಿದೆ.

"ನಾಳೆ ನೋಡೂಣು," ಅಂದ.

ಮರುದಿನ ಸಂಜೆ ಅಪ್ಪ ಚಹಾದ ಕಪ್ಪು ಹಿಡಿದು ಹೊಸ್ತಿಲ ಹತ್ತಿರವೇ ಕೂತ. ನಾನು ಪುಸ್ತಕ ತೆರೆದಿಟ್ಟಿದ್ದೆ, ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ಕೇರಿಯ ತುದಿಯಲ್ಲಿ ಯಾರೂ ಕೂಗಲಿಲ್ಲ. ಆಮೇಲೆ ಬಯಲಿನ ಕಡೆಯಿಂದ ಚೆಂಡು ಒದೆಯುವ ಸದ್ದು ಕೇಳಿಸಿತು. ನನ್ನನ್ನು ಬಿಟ್ಟು ಶುರು ಮಾಡಿದ್ದರು. ಅಪ್ಪನ ಮುಂದೆ ಅಳಬಾರದು ಅಂತ ಹಲ್ಲು ಕಚ್ಚಿ ಕೂತೆ.

ಅಷ್ಟರಲ್ಲಿ ಬಾಗಿಲಲ್ಲೇ ಯಾರೋ ಏದುಸಿರು ಬಿಟ್ಟರು. ಕ್ಯಾಪ್ಟನ್. ಕೇರಿಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು.

"ಹಲಕಟ್, ನಿನ್ನಿಂದ ಅಜ್ಜಿ ನನಗ ತಣ್ಣೀರ ಸ್ನಾನ ಮಾಡಿಸಿದ್ಲು. ಚೆಂಡು ಕಟಗೀ ಕ್ವಾಣ್ಯಾಗ ಇಟ್ಟಿದ್ದೆ. ಏನ ಕೂತೀಯೋ? ಎಡಕ್ಕ ಯಾರೂ ಇಲ್ಲ, ಬಾ ಲಗೂ!"

ಅಷ್ಟು ಸಿಹಿಯಾದ ಬೈಗುಳ ನಾನು ಮತ್ತೆ ಕೇಳಿಲ್ಲ. ಅಪ್ಪ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದ. "ಹೋಗು. ನಿನ್ನ ಕರ್ಯಾಕ ಬಂದಾನ."

ನಾನು ಓಡಲಿಲ್ಲ. ಪುಸ್ತಕ ಮುಚ್ಚಿ ಗೋಡೆಯ ಮಾಡಿನಲ್ಲಿಟ್ಟೆ, ಕೊಡದಿಂದ ನೀರು ತೆಗೆದುಕೊಂಡು ನಿಧಾನವಾಗಿ ಕುಡಿದೆ. ಅವನು ನಮ್ಮ ಬಾಗಿಲಲ್ಲಿ ನಿಂತು ಕಾದ.