ಒಡೆಸ್ಸಾ ಬಿಟ್ಟ ಟ್ರೇಲರ್ ಮನೆಗಳು

ಅಮೆರಿಕದ ಮಿಷಿಗನ್‌ನ ಆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಪಾದ್ರಿಗಿಂತ ಮೊದಲು ಸುದ್ದಿ ಮುಟ್ಟುತ್ತಿದ್ದುದು ಒಡೆಸ್ಸಾ ಪ್ರೂಯಿಟ್‌ಗೆ. ಇಪ್ಪತ್ತಾರು ವರ್ಷದಿಂದ ಚರ್ಚಿನ ಅಡುಗೆಮನೆ ಆಕೆಯ ಕೈಯಲ್ಲಿತ್ತು. ಫೋನ್ ಹಿಡಿದು ಕೂತರೆ ಗಂಟೆಯೊಳಗೆ ಸಾವಿನ ಮನೆಗೆ ಕಳಿಸುವ ಊಟಕ್ಕೆ ಯಾರು ಕೋಳಿ ಕರಿಯಬೇಕು, ಯಾರು ಸೊಪ್ಪು ಬೇಯಿಸಬೇಕು ಎಲ್ಲ ಇತ್ಯರ್ಥ. ಚೀಸು ಹಾಕಿದ ಮ್ಯಾಕರೋನಿಯನ್ನು ಮಾತ್ರ ಇಬ್ಬರ ಹೊರತು ಯಾರಿಗೂ ನಂಬಿ ಒಪ್ಪಿಸುತ್ತಿರಲಿಲ್ಲ. ಈ ವಿಷಯದಲ್ಲಿ ಮುಲಾಜಿಗೆ ಬಗ್ಗುವ ಹೆಂಗಸಲ್ಲ.

ಆ ವರ್ಷ ರಾಜ್ಯದ ಶಾಸಕರ ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆಯುತ್ತಿದ್ದರು. ಹಿಂದಿನ ಸಲ ರೈಲುಹಳಿಯ ಗುಂಟ ಗೆರೆ ಎಳೆದು ಆಕೆಯ ಕೇರಿಯನ್ನು ಎರಡು ಹೋಳು ಮಾಡಿದ್ದರು. ನೆಲಮಾಳಿಗೆಗಳಿಗೆ ಚರಂಡಿ ನೀರು ನುಗ್ಗಿದಾಗ ಇಬ್ಬರು ಶಾಸಕರೂ ಅದು ಆಚೆಯವರ ಪಾಡು ಎಂದು ಕೈತೊಳೆದುಕೊಂಡರು. ಈ ಸಲದ ಕರಡಿನಲ್ಲೂ ಗೆರೆ ಅಲ್ಲೇ ಇತ್ತು. ಆದರೆ ಈಗ ಎಳೆಯುವವರು ಶಾಸಕರಲ್ಲ, ಸಾಮಾನ್ಯ ಜನರ ಆಯೋಗ. ನಿಮ್ಮ ಕೇರಿ ಎಲ್ಲಿಂದ ಎಲ್ಲಿಯವರೆಗೆ, ನೀವೇ ಬಂದು ಹೇಳಿ ಎಂದು ಸಾರಿತ್ತು.

ಅದನ್ನು ಹೇಳಬಲ್ಲವರು ನಿಮ್ಮನ್ನು ಬಿಟ್ಟರೆ ಯಾರು ಎಂದು ಪಾದ್ರಿ ಒಡೆಸ್ಸಾಳನ್ನೇ ಮುಂದೆ ತಳ್ಳಿದರು. ಆಕೆ ತನಗೆ ತಿಳಿದ ರೀತಿಯಲ್ಲೇ ನಕ್ಷೆ ಮಾಡಿದಳು. ಇಷ್ಟು ವರ್ಷ ತಾನು ಸಾವಿನ ಊಟ ಕಳಿಸಿದ ಮನೆಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟು, ಚುಕ್ಕೆಗಳ ಸುತ್ತ ಗೆರೆ ಎಳೆದಳು. ಹಳಿಯ ಎರಡೂ ಕಡೆ ಚುಕ್ಕೆಗಳು ತುಂಬಿದ್ದವು.

ಲೈಬ್ರರಿಯ ಸಭೆಯಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ. ಒಡೆಸ್ಸಾ ಚೆನ್ನಾಗಿಯೇ ಮಾತಾಡಿದಳು, ಚಪ್ಪಾಳೆಯೂ ಬಿತ್ತು. ಆಮೇಲೆ ಆಯೋಗದ ಹಿರಿಯರೊಬ್ಬರು ಪರದೆಯ ಮೇಲಿನ ನಕ್ಷೆ ತೋರಿಸಿ ಕೇಳಿದರು: "ಅಮ್ಮಾ, ಹಳ್ಳದ ಪಕ್ಕ ಟ್ರೇಲರ್ ಮನೆಗಳಿವೆಯಲ್ಲ. ಅಲ್ಲಿ ಒಂದು ಚುಕ್ಕೇನೂ ಇಲ್ಲ. ಅವರು ನಿಮ್ಮೋರಲ್ವಾ?"

ಚರಂಡಿ ನೀರು ಮೊದಲು ನುಗ್ಗುತ್ತಿದ್ದುದೇ ಬಡವರ ಆ ತಗಡಿನ ಗಾಲಿಮನೆಗಳಿಗೆ. ಆದರೆ ಅಲ್ಲಿಯವರು ಈ ಚರ್ಚಿಗೆ ಬರುವವರಲ್ಲ. ಅವರಲ್ಲೊಬ್ಬಳು, ರೋಂಡಾ ಕೊವಾಲ್ಸ್ಕಿ, ಮೂರನೇ ಸಾಲಿನಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದಳು. ಒಡೆಸ್ಸಾಳಿಗೆ ನಾಚಿಕೆಯಾಯಿತು.

"ಅಲ್ಲಿ ಯಾರೂ ಸತ್ತಿಲ್ಲ ಅಂತಲ್ಲ, ಸಾರ್. ನಾನು ವಿಚಾರಿಸಿಲ್ಲ, ಅಷ್ಟೆ. ಅವರನ್ನೂ ಸೇರಿಸ್ಕೊಳ್ಳಿ."

ಕ್ಷೇತ್ರಗಳ ಜನಸಂಖ್ಯೆ ಸಮ ಇರಬೇಕು, ಅವರು ಬಂದರೆ ಅಷ್ಟೇ ಜನ ಬೇರೆ ಕಡೆಯಿಂದ ಹೊರಗೆ ಹೋಗಬೇಕಾದೀತು ಎಂದು ಹಿರಿಯರು ಎಚ್ಚರಿಸಿದರು. ಹಾಗಾದರೂ ಸರಿ, ತನ್ನ ನಕ್ಷೆ ತಪ್ಪು ಎಂದಳು ಒಡೆಸ್ಸಾ. ಸಭೆ ಮುಗಿದ ಮೇಲೆ ರೋಂಡಾಳನ್ನು ಹುಡುಕಿ ಮಾತಾಡಿಸಿದಳು. ಹೋದ ಮಾರ್ಚ್‌ನಲ್ಲಿ ರೋಂಡಾಳ ಗಂಡ ತೀರಿಕೊಂಡಿದ್ದ.

ಡಿಸೆಂಬರಿನಲ್ಲಿ ಅಂತಿಮ ನಕ್ಷೆ ಬಂತು. ಕೇರಿ ಒಂದಾಗಿತ್ತು, ಟ್ರೇಲರ್ ಮನೆಗಳೂ ಒಳಗಿದ್ದವು. ತುದಿಯ ಲಿಂಡನ್ ಬೀದಿ ಮಾತ್ರ ಹೊರಗೆ, ಪಕ್ಕದ ಕ್ಷೇತ್ರಕ್ಕೆ ಬಿದ್ದಿತ್ತು. ಒಡೆಸ್ಸಾಳ ಮನೆಯಿದ್ದದ್ದು ಆ ಬೀದಿಯಲ್ಲೇ. ಪಕ್ಕದ ಮನೆಯ ವರ್ನಾ ತಿಂಗಳುಗಟ್ಟಲೆ ಚುಚ್ಚಿದಳು: "ಊರಿಗೆಲ್ಲ ಬಾಗಿಲು ತೆಗೆದು ನಮ್ಮನ್ನ ಬೀದೀಲಿ ನಿಲ್ಲಿಸಿದೆಯಲ್ಲೇ ತಾಯಿ." ಒಡೆಸ್ಸಾಳಿಗೂ ಒಳಗೊಳಗೆ ಸಂಕಟವೇ.

ಚುನಾವಣೆ ಮುಗಿದ ಮೇಲೆ ಚರಂಡಿ ನೀರು ಮತ್ತೆ ನುಗ್ಗಿದಾಗ ಒಂದು ದಿನ ರೋಂಡಾ ಫೋನ್ ಮಾಡಿದಳು. "ನಮ್ಮ ಶಾಸಕಿ ಬಂದಿದ್ರು, ಮಿಸ್ ಒಡೆಸ್ಸಾ. ಬೂಟು ಹಾಕ್ಕೊಂಡು ನೀರಲ್ಲೇ ನಡೆದು ನೋಡಿದ್ರು. ನಿಮ್ಮ ಕಡೆ ಶಾಸಕರು ಬಂದಿದ್ರಾ?"

"ಇನ್ನೂ ಇಲ್ಲಮ್ಮ," ಎಂದಳು ಒಡೆಸ್ಸಾ. ಆಕೆಗೆ ನಿಜಕ್ಕೂ ಸಂತೋಷವಾಗಿತ್ತು, ಅಷ್ಟೇ ನಿಜವಾಗಿ ಹೊಟ್ಟೆಕಿಚ್ಚೂ ಆಗಿತ್ತು.